ನೋವು ಇಳಿದ ಮೇಲೆ ಏರುವ ತೂಕ

ಪಾದದ ಉರಿ, ಬೆರಳುಗಳ ಜೋಮು, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ಚುಚ್ಚುನೋವು, ಸೊಂಟದಿಂದ ಮೀನಖಂಡದವರೆಗೆ ಇಳಿಯುವ ಸೆಳೆತ. ಇವುಗಳಲ್ಲಿ ಯಾವುದನ್ನು ಹೇಳಿಕೊಂಡು ಹೋದರೂ ಬಹಳ ಸಲ ವೈದ್ಯರ ಚೀಟಿಯಲ್ಲಿ ಬರುವುದು ಒಂದೇ ಗುಂಪಿನ ಔಷಧಿ. ಜನ ಅದನ್ನು ‘ನರದ ಮಾತ್ರೆ’ ಅನ್ನುತ್ತಾರೆ. ಕೆಲವರು ಅದನ್ನು ‘ನರದ ವಿಟಮಿನ್’ ಎಂದೇ ನಂಬಿ ವರ್ಷಗಟ್ಟಲೆ ನುಂಗುತ್ತಾರೆ. ಹಾಗೆ ನಂಬುವುದಕ್ಕೆ ಕಾರಣವೂ ಇದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಇಂಥ ಎಷ್ಟೋ ಮಾತ್ರೆಗಳು ಜೋಡಿ ಮಾತ್ರೆಗಳು. 75 ಮಿಲಿಗ್ರಾಂ ಪ್ರಿಗ್ಯಾಬಲಿನ್ ಜೊತೆಗೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ-12 ವಿಟಮಿನ್ನಿನ ಒಂದು ರೂಪ, ಒಂದೇ ಕ್ಯಾಪ್ಸೂಲಿನಲ್ಲಿ ಇರುತ್ತದೆ. ಸ್ಟ್ರಿಪ್ಪಿನ ಮೇಲಿನ ಹೆಸರಿನ ಕೊನೆಗೆ ‘ಎಂ’ ಎಂದಿದ್ದರೆ ಸಾಮಾನ್ಯವಾಗಿ ಅದು ಈ ಜೋಡಿ. ‘ಎನ್‌ಟಿ’ ಎಂದಿದ್ದರೆ ಒಳಗೆ ನಾರ್ಟ್ರಿಪ್ಟಿಲಿನ್ ಎಂಬ ಇನ್ನೊಂದು ಔಷಧಿ ಸೇರಿದೆ.

ಬಿ-12 ಯಾರ ತೂಕವನ್ನೂ ಏರಿಸುವುದಿಲ್ಲ. ಪ್ರಿಗ್ಯಾಬಲಿನ್ ಏರಿಸಬಲ್ಲದು, ನಾರ್ಟ್ರಿಪ್ಟಿಲಿನ್ ಕೂಡ ಏರಿಸಬಲ್ಲದು. ಆದರೆ ಆರೇಳು ತಿಂಗಳ ಮೇಲೆ ರವಿಕೆ ಬಿಗಿಯಾದಾಗ, ಬೆಲ್ಟಿನ ತೂತು ಒಂದು ಹಿಂದಕ್ಕೆ ಸರಿದಾಗ, ಮಾತ್ರೆಯ ಮೇಲೆ ಮನೆಯವರ ಅನುಮಾನ ಹೋಗುವುದಿಲ್ಲ. ಅದು ವಿಟಮಿನ್ ತಾನೆ!

ಮೊದಲು ಅಂಕಿಗಳನ್ನು ನೋಡೋಣ. ಅವು ಹೆದರಿಸುವಂಥವಲ್ಲ, ಕಡೆಗಣಿಸುವಂಥವೂ ಅಲ್ಲ. ಪ್ರಿಗ್ಯಾಬಲಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಅಧಿಕೃತ ಮಾಹಿತಿ ಪತ್ರದಲ್ಲೇ ಈ ವಿಷಯ ಬರೆದಿದೆ: 14 ವಾರಗಳವರೆಗಿನ ಪ್ರಯೋಗಗಳಲ್ಲಿ ಮಾತ್ರೆ ತೆಗೆದುಕೊಂಡವರ ಪೈಕಿ ಶೇ 9ರಷ್ಟು ಜನರ ತೂಕ, ಮೊದಲಿದ್ದುದಕ್ಕಿಂತ ಶೇ 7ರಷ್ಟು ಅಥವಾ ಅದಕ್ಕೂ ಹೆಚ್ಚು ಏರಿತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಈ ಪ್ರಮಾಣ ಶೇ 2. ಅರವತ್ತು ಕಿಲೊ ತೂಗುವವರಿಗೆ ಶೇ 7 ಅಂದರೆ ನಾಲ್ಕು ಕಿಲೊಗಿಂತ ಸ್ವಲ್ಪ ಹೆಚ್ಚು. ಸಕ್ಕರೆ ಕಾಯಿಲೆ ಇರುವವರನ್ನೇ ಬೇರೆಯಾಗಿ ಲೆಕ್ಕ ಹಾಕಿದಾಗ ಸರಾಸರಿ ಏರಿಕೆ 1.6 ಕಿಲೊ. ಅವರಲ್ಲಿ ಕನಿಷ್ಠ ಎರಡು ವರ್ಷ ಮಾತ್ರೆ ತೆಗೆದುಕೊಂಡ 333 ಜನರ ಗುಂಪಿನಲ್ಲಿ ಅದು 5.2 ಕಿಲೊ.

ಇದೇ ಚಿತ್ರದ ಇನ್ನೊಂದು ಭಾಗವನ್ನೂ ಹೇಳಬೇಕು. ಒಂದು ವರ್ಷ ಪ್ರಿಗ್ಯಾಬಲಿನ್ ತೆಗೆದುಕೊಂಡವರ ದಾಖಲೆಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು 2012ರಲ್ಲಿ ಪ್ರಕಟವಾಯಿತು. ಆರು ಜನರಲ್ಲಿ ಐವರ ತೂಕ ಶೇ 7ರ ಮಿತಿಯೊಳಗೇ ನಿಂತಿತ್ತು. ಅಂದರೆ ಎಲ್ಲರೂ ದಪ್ಪಗಾಗುವುದಿಲ್ಲ. ಯಾರು ಆಗುತ್ತಾರೆ ಎಂದು ಮುಂಚಿತವಾಗಿ ಹೇಳಲೂ ಬರುವುದಿಲ್ಲ. ವಯಸ್ಸು, ಗಂಡು-ಹೆಣ್ಣು, ಮೊದಲೇ ದಪ್ಪಗಿದ್ದರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧ ಕಂಡಿಲ್ಲ. ಸಂಬಂಧ ಕಂಡಿರುವುದು ಎರಡಕ್ಕೆ ಮಾತ್ರ: ಮಾತ್ರೆಯ ಪ್ರಮಾಣ ಎಷ್ಟು, ಎಷ್ಟು ಕಾಲ ತೆಗೆದುಕೊಂಡಿರಿ. ಆದ್ದರಿಂದ ಮಾತ್ರೆ ಶುರುವಾಗುವ ದಿನವೇ ತೂಕ ನೋಡಿ ಚೀಟಿಯ ಮೂಲೆಯಲ್ಲಿ ಬರೆದಿಡಬೇಕು ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ರಕ್ತದೊತ್ತಡ ಬರೆಯುವ ಜಾಗದ ಪಕ್ಕದಲ್ಲೇ ಇದಕ್ಕೂ ಜಾಗವಿದೆ. ಆ ಒಂದು ಅಂಕಿ ಇಲ್ಲದಿದ್ದರೆ ಆರು ತಿಂಗಳ ನಂತರದ ಮಾತೆಲ್ಲ ಬರೀ ಊಹೆ.

ಹಸಿವು ಹೇಗೆ ಹೆಚ್ಚುತ್ತದೆ? ಪ್ರಿಗ್ಯಾಬಲಿನ್ ಮತ್ತು ಅದರ ಅಣ್ಣನಂತಿರುವ ಗ್ಯಾಬಪೆಂಟಿನ್ ಎರಡೂ ನರಕೋಶದ ಮೇಲಿನ ಆಲ್ಫಾ-2-ಡೆಲ್ಟಾ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಅದರಿಂದ ನರದ ತುದಿಯೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದು ಕಡಿಮೆಯಾಗಿ, ಸುಮ್ಮಸುಮ್ಮನೆ ಕಿಡಿ ಹಾರಿಸುತ್ತಿದ್ದ ನರ ತಣ್ಣಗಾಗುತ್ತದೆ. ಇದೇ ಪ್ರೋಟೀನು ಹಸಿವು-ತೃಪ್ತಿಯನ್ನು ನೋಡಿಕೊಳ್ಳುವ ಮಿದುಳಿನ ಹೈಪೋಥಲಮಸ್‌ನಲ್ಲೂ ಇದೆ. ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಭಾಗಕ್ಕೆ ಗ್ಯಾಬಪೆಂಟಿನ್ ಮುಟ್ಟಿಸಿದಾಗ ಇಲಿಗಳು ಹೆಚ್ಚು ತಿಂದವು. ಮನುಷ್ಯರ ಮಟ್ಟಿಗೆ ಪೂರ್ತಿ ಕಾರಣ ಇನ್ನೂ ಇತ್ಯರ್ಥವಾಗಿಲ್ಲವಾದರೂ, ಹಸಿವು ಹೆಚ್ಚಿತು ಎಂದು ರೋಗಿ ಹೇಳಿದರೆ ಅದು ನೆಪವಲ್ಲ ಎನ್ನಲು ಇಷ್ಟು ಸಾಕು.

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್‌ಗಳ ದಾರಿ ಬೇರೆ. ಇವು ಖಿನ್ನತೆಗೆಂದು ಬಂದ ಹಳೆಯ ಔಷಧಿಗಳು, ಸಣ್ಣ ಪ್ರಮಾಣದಲ್ಲಿ ನರನೋವಿಗೂ ಕೊಡುತ್ತಾರೆ. ಇವು ಮಿದುಳಿನಲ್ಲಿ ಹಿಸ್ಟಮಿನ್‌ನ ಕೆಲಸವನ್ನು ತಡೆಯುತ್ತವೆ. ಅದರಿಂದ ನಿದ್ದೆಯೂ ಬರುತ್ತದೆ, ಹಸಿವೂ ಕೆರಳುತ್ತದೆ. ಅದರಲ್ಲೂ ಸಿಹಿಯ ಮೇಲೆ ಆಸೆ ಹೋಗುತ್ತದೆ. ಜೊತೆಗೆ ಬಾಯಿ ಒಣಗುತ್ತದೆ. ಒಣಗಿದ ಬಾಯಿಗೆ ಜನ ನೀರನ್ನೇ ಕುಡಿದರೆ ತೊಂದರೆಯಿಲ್ಲ. ಆದರೆ ಬಾಟಲಿಯ ಜ್ಯೂಸು, ಇನ್ನೊಂದು ಲೋಟ ಟೀ, ಬಾಯಲ್ಲಿ ಇಟ್ಟುಕೊಳ್ಳಲು ಒಂದು ಪೆಪ್ಪರಮಿಂಟು, ಹೀಗೆ ಸಕ್ಕರೆ ಸದ್ದಿಲ್ಲದೆ ಒಳಗೆ ಸೇರುತ್ತದೆ. ಹಗಲಿನ ಮಂಪರಿನಿಂದ ನಡಿಗೆಯೂ ಕಡಿಮೆಯಾಗುತ್ತದೆ. ಇನ್ನೊಂದು ಕಾರಣವಂತೂ ಸಂತೋಷದ್ದೇ. ತಿಂಗಳುಗಟ್ಟಲೆ ನೋವಿನಲ್ಲಿ ಊಟ ಸೇರದೆ ಸೊರಗಿದ್ದವರಿಗೆ ನೋವು ತಗ್ಗಿದ ಮೇಲೆ ಮತ್ತೆ ಅನ್ನ ರುಚಿಸುತ್ತದೆ. ಹಾಗೆ ಮರಳಿ ಬಂದ ಎರಡು ಕಿಲೊ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಮ್ಮ ಮನೆಗಳಲ್ಲಿ ಈ ತೂಕದ ಮಾತು ಬಂದಾಗ ಕೇಳಿಬರುವ ಮೊದಲ ವಾಕ್ಯ ‘ಸ್ವಲ್ಪ ಬಾಯಿ ಕಟ್ಟಿ’ ಎನ್ನುವುದು. ನನ್ನ ಸೋದರತ್ತೆಯೊಬ್ಬರು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಎದ್ದು ಅಡುಗೆಮನೆಯ ಡಬ್ಬಿ ತೆಗೆಯುತ್ತಿದ್ದರು. ಸೊಸೆ ಗದರುತ್ತಿದ್ದಳು, ಮಗ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಇಟ್ಟ. ‘ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ ಕಣೋ, ನಾನೇನು ಮಾಡ್ಲಿ’ ಎಂದು ಅವರು ಹೇಳುತ್ತಿದ್ದುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ತನ್ನ ಮನೆಯಲ್ಲೇ ಕಳ್ಳಿಯಂತೆ ತಿನ್ನಬೇಕಾಗಿ ಬಂದದ್ದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಔಷಧಿ ಹುಟ್ಟಿಸಿದ ಹಸಿವಿಗೆ ಮರ್ಯಾದೆ ಕಳೆದುಕೊಳ್ಳಬೇಕಾದ್ದಿಲ್ಲ. ಇಂಥವರ ಮೇಲೆ ಕೂಗಾಡುವ ಬದಲು ಮಾತ್ರೆಯ ಸ್ಟ್ರಿಪ್ಪನ್ನು ವೈದ್ಯರ ಮುಂದೆ ಇಡುವುದು ಮನೆಯವರು ಮಾಡಬಹುದಾದ ಮೊದಲ ಉಪಕಾರ.

ಏರಿದ್ದು ಕೊಬ್ಬೋ ನೀರೋ ಎಂದು ತಿಳಿಯುವುದೂ ಮುಖ್ಯ. ಪ್ರಿಗ್ಯಾಬಲಿನ್ ಕೆಲವರಲ್ಲಿ ಕಾಲು ಬಾವು ತರುತ್ತದೆ. ಪ್ರಯೋಗಗಳಲ್ಲಿ ಶೇ 6ರಷ್ಟು ಜನರಿಗೆ ಹಾಗಾಗಿತ್ತು. ಸಂಜೆ ಹೊತ್ತು ಮೊಣಕಾಲ ಕೆಳಗೆ, ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಕೆಲವು ಸೆಕೆಂಡು ಹಿಡಿದು ಬಿಡಿ. ಗುಳಿ ಬಿದ್ದು ಹಾಗೇ ಉಳಿದರೆ ಅದು ನೀರು. ಕೆಲವೇ ದಿನಗಳಲ್ಲಿ ಎರಡು-ಮೂರು ಕಿಲೊ ಏರಿದ್ದರೂ ನೀರಿನ ಅನುಮಾನವೇ ಹೆಚ್ಚು, ಏಕೆಂದರೆ ಕೊಬ್ಬು ಅಷ್ಟು ಬೇಗ ಸೇರುವುದಿಲ್ಲ. ಜೊತೆಗೆ ಮಲಗಿದಾಗ ಉಸಿರು ಕಟ್ಟುವುದು, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಇದ್ದರೆ ಮುಂದಿನ ಭೇಟಿಯವರೆಗೆ ಕಾಯಬಾರದು, ಅಂದೇ ತೋರಿಸಬೇಕು. ಹೃದಯ ದುರ್ಬಲವಾಗಿರುವವರಿಗೆ ಈ ಮಾತ್ರೆ ಕೊಡುವಾಗ ವೈದ್ಯರು ಎಚ್ಚರ ವಹಿಸುವುದೇ ಈ ಕಾರಣಕ್ಕೆ.

ಇಲ್ಲಿ ನಮ್ಮ ದೇಶದ ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪಯೋಗ್ಲಿಟಜೋನ್ ಎಂಬ ಮಧುಮೇಹದ ಔಷಧಿಯನ್ನು 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಡೆಹಿಡಿದು, ಮರು ತಿಂಗಳೇ ಎಚ್ಚರಿಕೆಯ ಮಾತು ಮುದ್ರಿಸಬೇಕೆಂಬ ಷರತ್ತಿನ ಮೇಲೆ ಮತ್ತೆ ಮಾರಾಟಕ್ಕೆ ಬಿಟ್ಟಿತು. ಈಗಲೂ ಅದು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆ ಸೇರಿದ ಮೂರು-ಒಂದರ ಮಾತ್ರೆಯಾಗಿ ಸಿಗುತ್ತದೆ. ಅದೂ ಮೈಯಲ್ಲಿ ನೀರು ಹಿಡಿದಿಡುತ್ತದೆ. ಪಯೋಗ್ಲಿಟಜೋನ್ ಗುಂಪಿನ ಔಷಧಿಯೊಂದನ್ನೇ ತೆಗೆದುಕೊಂಡವರಲ್ಲಿ ಶೇ 3, ಪ್ರಿಗ್ಯಾಬಲಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇ 8 ಜನರಿಗೆ ಕಾಲು ಬಾವು ಬಂದಿದ್ದರೆ, ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಅದು ಶೇ 19ಕ್ಕೆ ಹೋಗಿತ್ತು. ಬಿ.ಪಿ.ಗೆ ಆಮ್ಲೋಡಿಪಿನ್ ಕೂಡ ನಡೆಯುತ್ತಿದ್ದರೆ ಅದೂ ಪಾದ ಊದಿಸುವ ಔಷಧಿಯೇ. ಸಕ್ಕರೆಗೊಬ್ಬರು, ಬಿ.ಪಿ.ಗೊಬ್ಬರು, ನರಕ್ಕೊಬ್ಬರು ಎಂದು ಬೇರೆ ಬೇರೆ ವೈದ್ಯರ ಹತ್ತಿರ ಹೋಗುವ ಮನೆಗಳಲ್ಲಿ ಈ ಮೂರೂ ಒಂದೇ ಡಬ್ಬಿಯಲ್ಲಿ ಕೂಡಿಕೊಂಡಿರುತ್ತವೆ, ಒಬ್ಬ ವೈದ್ಯರ ಕಣ್ಣಿಗೂ ಒಟ್ಟಿಗೆ ಬಿದ್ದಿರುವುದಿಲ್ಲ. ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಗ್ಲಿಮೆಪಿರೈಡ್, ಇನ್ಸುಲಿನ್‌ಗಳೂ ತಮ್ಮ ಪಾಲಿನ ತೂಕ ಸೇರಿಸುತ್ತವೆ. ನರನೋವಿನ ಮಾತ್ರೆಯನ್ನು ಬಿಡುವಂತಿಲ್ಲ ಎಂದಾದರೆ, ಸಕ್ಕರೆಯ ಮಾತ್ರೆಗಳಲ್ಲಿ ತೂಕ ಏರಿಸದವುಗಳಿಗೆ ಬದಲಿಸಬಹುದೇ ಎಂದು ಕೇಳುವುದು ಬಹಳ ಸರಿಯಾದ ಪ್ರಶ್ನೆ.

ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಮಾತ್ರೆ ನನಗೆ ಈಗಲೂ ಬೇಕೇ?

ಬೆನ್ನಿನಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ನಮ್ಮಲ್ಲಿ ಪ್ರಿಗ್ಯಾಬಲಿನ್ ಧಾರಾಳವಾಗಿ ಬರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ 209 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ನೋವು ಇಳಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು ಕೊಟ್ಟಿತು. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ತನ್ನ ಮಾರ್ಗಸೂಚಿ ತಿದ್ದಿ, ಸಯಾಟಿಕಾಕ್ಕೆ ಈ ಗುಂಪಿನ ಔಷಧಿ ಕೊಡಬೇಡಿ ಎಂದಿತು. ಸಕ್ಕರೆ ಕಾಯಿಲೆಯ ನರನೋವಿನ ಮಾತು ಬೇರೆ. ಅಲ್ಲಿ ಮಾತ್ರೆ ಕೆಲಸ ಮಾಡುತ್ತದೆ. ಆದರೆ ಅಲ್ಲೂ ದಿನಕ್ಕೆ 300 ಮಿಲಿಗ್ರಾಂ ದಾಟಿ 600ಕ್ಕೆ ಹೋದರೆ ಹೆಚ್ಚಿನ ಲಾಭ ಸಿಕ್ಕಿದ್ದಕ್ಕೆ ಆಧಾರವಿಲ್ಲ ಎಂದು ಅದರ ಮಾಹಿತಿ ಪತ್ರವೇ ಹೇಳುತ್ತದೆ. ತೂಕ ಪ್ರಮಾಣದ ಜೊತೆ ಏರುವುದರಿಂದ, ಲಾಭವಿಲ್ಲದ ಆ ಹೆಚ್ಚುವರಿ ಮಿಲಿಗ್ರಾಂಗಳು ರೋಗಿಗೆ ಸುಮ್ಮನೆ ಹೊರೆ. ಕಿಡ್ನಿ ಸೋತವರಲ್ಲಂತೂ ಔಷಧಿ ಮೈಯಲ್ಲೇ ಉಳಿಯುವುದರಿಂದ ಪ್ರಮಾಣ ಇನ್ನೂ ಕಡಿಮೆ ಇರಬೇಕು.

ನೋವಿನ ಮೂಲವನ್ನೂ ಒಮ್ಮೆ ಕೆದಕಿ ನೋಡಬೇಕು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ-12 ಕುಸಿಯಬಹುದು, ಮಾಂಸ-ಮೊಟ್ಟೆ ಮುಟ್ಟದವರಲ್ಲಿ ಅದರ ಸಂಭವ ಇನ್ನೂ ಹೆಚ್ಚು. ಬಿ-12 ಕೊರತೆಯೇ ಪಾದದ ಉರಿಗೆ, ಜೋಮಿಗೆ ಕಾರಣವಾಗಬಲ್ಲದು. ಥೈರಾಯ್ಡ್ ಮಂದವಾಗಿದ್ದರೆ ನರಕ್ಕೂ ತೊಂದರೆ, ತೂಕವೂ ಏರುತ್ತದೆ, ಅಪವಾದ ಮಾತ್ರೆಯ ತಲೆಗೆ ಬರುತ್ತದೆ. ಎರಡೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ.

ಇಷ್ಟಾದ ಮೇಲೂ ಮಾತ್ರೆ ಬೇಕು, ತೂಕವೂ ನಿಲ್ಲುತ್ತಿಲ್ಲ ಎಂದಾದರೆ ಬದಲಿ ಔಷಧಿ ಇದೆ. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಪ್ಷನ್-ಡಿಎಂ ಎಂಬ ಅಧ್ಯಯನ ಮಧುಮೇಹದ ನರನೋವಿಗೆ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತು. ಒಂದರಿಂದ ಶುರುಮಾಡಿ ಸಾಲದಿದ್ದರೆ ಇನ್ನೊಂದನ್ನು ಸೇರಿಸಿದಾಗ, ಯಾವುದರಿಂದ ಶುರು ಮಾಡಿದರೂ ನೋವು ಇಳಿದದ್ದು ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದಾಗ ಆಯ್ಕೆ ಮಾಡುವಾಗ ಅಡ್ಡಪರಿಣಾಮವನ್ನು ನೋಡುವುದರಲ್ಲಿ ತಪ್ಪೇನಿದೆ? ಮೂರರಲ್ಲಿ ತೂಕದ ವಿಷಯದಲ್ಲಿ ಮೃದುವಾದದ್ದು ಡುಲಾಕ್ಸೆಟಿನ್. ಮೊದಮೊದಲು ಅದು ವಾಕರಿಕೆ ತರುತ್ತದೆ, ಲಿವರ್ ಕಾಯಿಲೆ ಇರುವವರಿಗೆ, ಹೆಚ್ಚು ಕುಡಿಯುವವರಿಗೆ, ಕಿಡ್ನಿ ತೀರಾ ಹದಗೆಟ್ಟವರಿಗೆ ಆಗದು. ಸರ್ಪಸುತ್ತಿನ ನಂತರದ ನೋವು ಒಂದೇ ಜಾಗದಲ್ಲಿದ್ದರೆ ಮೇಲೆ ಹಚ್ಚುವ ಲಿಡೋಕೇನ್ ಅಥವಾ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮು ಕೆಲವರಿಗೆ ಸಾಕಾಗುತ್ತದೆ, ತೂಕದ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲೇ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಮಾತ್ರ ಬೇಡ. ಸ್ಪರ್ಶ ಗೊತ್ತಾಗದ ಪಾದ ಸುಟ್ಟು ಬೊಬ್ಬೆ ಎದ್ದರೂ ತಿಳಿಯುವುದಿಲ್ಲ.

ಇನ್ನು ಊಟ. ಹೆಚ್ಚಿದ ಹಸಿವನ್ನು ಹಸಿದುಕೊಂಡೇ ಗೆಲ್ಲಲಾಗದು, ತುಂಬುವ ಬಗೆಯನ್ನು ಬದಲಿಸಬೇಕು. ತಟ್ಟೆಯಲ್ಲಿ ಮೊದಲು ಪಲ್ಯ, ಹುಳಿಯಲ್ಲಿನ ತರಕಾರಿ, ಕೋಸಂಬರಿ, ಹೆಸರುಕಾಳು ಅಥವಾ ಹುರಳಿಕಾಳಿನ ಉಸಲಿ, ತಿನ್ನುವವರಿಗೆ ಮೊಟ್ಟೆ. ಅನ್ನ ಕೊನೆಗೆ. ಕಾಳು-ಬೇಳೆಯ ಪ್ರೋಟೀನು, ಸೊಪ್ಪಿನ ನಾರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು ಎಂಬುದು ನಿಜ, ಆದರೆ ಎರಡು ದೊಡ್ಡ ಮುದ್ದೆಯ ಮೇಲೆ ಒಂದು ತಟ್ಟೆ ಅನ್ನವೂ ಬಂದರೆ ರಾಗಿಯ ಗುಣ ಏನೂ ಉಳಿಯದು. ಚಪಾತಿಗೂ ಇದೇ ಮಾತು.

ಕಣ್ಣಿಗೆ ಬೀಳದ ಕ್ಯಾಲರಿ ಲೋಟದಲ್ಲಿರುತ್ತದೆ. ದಿನಕ್ಕೆ ಮೂರು ಟೀ, ಪ್ರತಿ ಟೀಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 120 ಕ್ಯಾಲರಿ. ದಿನಕ್ಕೆ ನೂರು ಕ್ಯಾಲರಿ ಹೆಚ್ಚಾದರೆ ಕಾಗದದ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಕಿಲೊ ಮೀರುತ್ತದೆ. ದೇಹ ಅಷ್ಟು ನೇರವಾಗಿ ಕೂಡಿ ಕಳೆಯುವುದಿಲ್ಲವಾದರೂ ಎಷ್ಟು ಸಣ್ಣ ಹೆಚ್ಚಳ ಸಾಕು ಎಂಬುದು ಇದರಿಂದ ತಿಳಿಯುತ್ತದೆ. ಒಣ ಬಾಯಿಗೆ ನೀರು, ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ, ಅಗಿಯಲು ಎರಡು ಏಲಕ್ಕಿ ಸಾಕು. ಮಾತ್ರೆ ನುಂಗಿದ ಮೇಲೆ ಟಿವಿ ಮುಂದೆ ಕುಳಿತಾಗ ಬರುವ ಹಸಿವು ಬಲು ಗಟ್ಟಿ. ಆ ಹೊತ್ತಿಗೆ ಕೈಗೆಟುಕುವ ಡಬ್ಬಿಯಲ್ಲಿ ನಿಪ್ಪಟ್ಟಿನ ಬದಲು ಹುರಿಗಡಲೆ ಇರಲಿ, ಸೌತೆಕಾಯಿ ಹೆಚ್ಚಿಟ್ಟಿರಲಿ. ಡಬ್ಬಿಯನ್ನು ಅಟ್ಟಕ್ಕೆ ಏರಿಸುವುದಕ್ಕಿಂತ ಅದರೊಳಗಿನದನ್ನು ಬದಲಿಸುವುದು ಮೇಲು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ತೂಕ ಇಳಿಸುವ ಆತುರದಲ್ಲಿ ಒಂದು ಹೊತ್ತಿನ ಊಟ ಬಿಡಬಾರದು, ಸಕ್ಕರೆ ದಿಢೀರನೆ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಊಟ ಕಡಿಮೆ ಮಾಡುವುದಾದರೆ ವೈದ್ಯರಿಗೆ ತಿಳಿಸಿ ಆ ಔಷಧಿಯ ಪ್ರಮಾಣವನ್ನೂ ಹೊಂದಿಸಿಕೊಳ್ಳಬೇಕು.

‘ದಿನಾ ವಾಕಿಂಗ್ ಮಾಡಿ’ ಎಂದು ಹೇಳುವುದು ಸುಲಭ. ಪಾದದಲ್ಲಿ ಸ್ಪರ್ಶವಿಲ್ಲದವರಿಗೆ, ಮಾತ್ರೆಯಿಂದ ತಲೆ ತಿರುಗುವವರಿಗೆ ಅದು ಅಷ್ಟು ಸುಲಭವಲ್ಲ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಡಿಯ ಚಪ್ಪಲಿ, ಇಲ್ಲವೇ ಕಾಲುಚೀಲದ ಜೊತೆ ಸಡಿಲವಾದ ಶೂ ಇಲ್ಲದೆ ಹೊರಗೆ ಹೆಜ್ಜೆ ಇಡಬೇಡಿ. ದೇವಸ್ಥಾನಕ್ಕೆ ಹೋಗುವವರು ಬಿಸಿಲೇರುವ ಮೊದಲೇ ಪ್ರದಕ್ಷಿಣೆ ಮುಗಿಸಿಕೊಳ್ಳಬೇಕು. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು, ಮನೆಗೆ ಬಂದ ಮೇಲೆ ಅಂಗಾಲಿನ ಬೊಬ್ಬೆ ನೋಡಿ ಗಾಬರಿಯಾಗುವ ಸಕ್ಕರೆ ರೋಗಿಗಳಿದ್ದಾರೆ. ನಡೆಯಲಾಗದ ದಿನ ಕುರ್ಚಿಯೇ ಸಾಕು: ಕೈಯೂರದೆ ಎದ್ದು ಕೂರುವುದು, ಕುಳಿತೇ ಮೊಣಕಾಲು ನೇರ ಮಾಡಿ ಹಿಡಿಯುವುದು, ಒಂದು ಲೀಟರಿನ ನೀರಿನ ಬಾಟಲಿ ಎತ್ತಿ ಇಳಿಸುವುದು. ತೊಡೆಯ ಸ್ನಾಯು ಗಟ್ಟಿಯಾದರೆ ಬೀಳುವ ಭಯ ಕಡಿಮೆಯಾಗುತ್ತದೆ, ಸಕ್ಕರೆಯೂ ಹಿಡಿತಕ್ಕೆ ಬರುತ್ತದೆ. ಸೈಕಲ್ ಯಂತ್ರ ಸಿಗುವವರಿಗೆ ಪಾದಕ್ಕೆ ಅದಕ್ಕಿಂತ ಸುರಕ್ಷಿತವಾದದ್ದು ಕಡಿಮೆ.

ತೂಕವನ್ನು ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ನೋಡಿದರೆ ಸಾಕು, ದಿನವೂ ಬೇಡ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದಿಡಿ. ಭಾರತೀಯರ ಮಟ್ಟಿಗೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಎಚ್ಚರಿಕೆ ಎಂದು ಇಲ್ಲಿನ ತಜ್ಞರು ಗೆರೆ ಎಳೆದಿದ್ದಾರೆ. ಬಿಎಂಐ ಲೆಕ್ಕದಲ್ಲೂ ನಮಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಶುರುವಿನ ತೂಕಕ್ಕಿಂತ ಎರಡು-ಮೂರು ಕಿಲೊ ಏರುತ್ತಲೇ ವೈದ್ಯರಿಗೆ ಹೇಳಿ. ಏಳೆಂಟು ಕಿಲೊ ಆದ ಮೇಲೆ ಇಳಿಸುವುದಕ್ಕಿಂತ ಆಗಲೇ ಪ್ರಮಾಣ ತಗ್ಗಿಸುವುದೋ ಔಷಧಿ ಬದಲಿಸುವುದೋ ಎಷ್ಟೋ ಸುಲಭ.

ಕೋಪದಲ್ಲಿ ಸ್ಟ್ರಿಪ್ಪು ಎಸೆದು ಒಂದೇ ದಿನಕ್ಕೆ ನಿಲ್ಲಿಸುವವರನ್ನು ನೋಡಿದ್ದೇನೆ. ಅದು ಮಾತ್ರ ಆಗಕೂಡದು. ಪ್ರಿಗ್ಯಾಬಲಿನ್ ದಿಢೀರನೆ ಬಿಟ್ಟರೆ ನಿದ್ದೆ ಹಾರಿಹೋಗುತ್ತದೆ, ವಾಕರಿಕೆ, ತಲೆನೋವು, ಬೆವರು, ಭೇದಿ, ಏನೋ ಆತಂಕ ಕಾಡುತ್ತದೆ. ಇವೆಲ್ಲ ಬಿಟ್ಟದ್ದರ ಲಕ್ಷಣ ಎಂದು ಗೊತ್ತಿಲ್ಲದೆ ಮತ್ತೊಂದು ಆಸ್ಪತ್ರೆಗೆ ಓಡುತ್ತಾರೆ. ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ವೈದ್ಯರು ಇನ್ನೂ ನಿಧಾನದ ದಾರಿ ಹಾಕಿಕೊಡುತ್ತಾರೆ. ಮಾತ್ರೆ ಇಳಿದಂತೆ ನೀರಿನ ಬಾವು ಮೊದಲು ಕರಗುತ್ತದೆ, ಸೇರಿದ ಕೊಬ್ಬು ಇಳಿಯಲು ತಿಂಗಳುಗಳು ಬೇಕು. ಮೂರ್ಛೆರೋಗಕ್ಕಾಗಿ ಇದೇ ಮಾತ್ರೆ ತೆಗೆದುಕೊಳ್ಳುತ್ತಿರುವವರಂತೂ ತಾವಾಗಿ ಒಂದು ಹೊತ್ತನ್ನೂ ತಪ್ಪಿಸಬಾರದು. ಅವರಿಗೆ ಹಠಾತ್ತನೆ ನಿಲ್ಲಿಸುವುದೆಂದರೆ ಫಿಟ್ಸ್ ಮತ್ತೆ ಬರುವ ಅಪಾಯ.